ಶೆಟ್ಲಿಯ ಕಿವಿ

ಬೈತಖೋಲಿನ ಶೆಡ್ಡಿನಲ್ಲಿ ಬಲೆ ಹರವಿಕೊಂಡು ಕೂತಿದ್ದೆ,
ಮೀನುಗಾರಿಕೆ ಬಂದ್ ಆಗಿ ನಾಲ್ಕನೇ ದಿನ.
ಬೋಟುಗಳು ಮೂಗಿಗೆ ಮೂಗು ತಾಗಿಸಿ ನಿಂತು
ಮಳೆ ಕುಡಿಯುತ್ತಿದ್ದವು.
ಶೆಟ್ಲಿ ಬಂದು ಕಾಲ ಬಳಿ ಸುರುಟಿಕೊಂಡಳು,
ಹಾಗೆ ಸುರುಟಿಕೊಳ್ಳುತ್ತಾಳೆಂದೇ ಆ ಹೆಸರು.
ಆಗ ಕಂಡಿತು, ಎಡಗಿವಿಯ ಅಂಚಿನಲ್ಲಿ
ಎಂಟಾಣೆಯಷ್ಟು ಬೋಳು.

ಕೂದಲು ಉದುರಿದ್ದಲ್ಲ, ಮುರಿದದ್ದು;
ಬುಡದಲ್ಲಿ ಮೋಟು ಮೋಟು, ಕೊಯ್ದ ಗದ್ದೆಯ ಕೂಳೆಯಂತೆ.
ಅಂಚು ಕೆಂಪು. ನಡುವೆ ಬೂದಿಯಂಥ ಹೊಟ್ಟು.
ಅವಳು ಹೆಚ್ಚೇನು ಕೆರೆದುಕೊಳ್ಳಲಿಲ್ಲ,
ಹಾಗಾಗಿ ನಾನೂ ಸುಮ್ಮನಾದೆ.

ವಾರದಲ್ಲಿ ಎಂಟಾಣೆ ರೂಪಾಯಿಯಾಯಿತು,
ಮೂತಿಯ ಮೇಲೆ ಇನ್ನೊಂದು, ಮುಂಗಾಲಲ್ಲಿ ಮತ್ತೊಂದು.
ಶೆಡ್ಡಿಗೆ ಬಂದವರೆಲ್ಲ ವೈದ್ಯರಾದರು.
ಸುಟ್ಟ ಎಂಜಿನ್ ಆಯಿಲ್ ಸವರು, ಎಂದ ಡ್ರೈವರ್ ಪುರಸು.
ಉಪ್ಪುನೀರಲ್ಲಿ ಮುಳುಗಿಸು, ಎಂದರೊಬ್ಬರು;
ಅವಳು ದಿನಾ ಮುಳುಗುವುದು ಇನ್ನೆಲ್ಲಿ?
ಬೋಟಿನ ಮಾಲೀಕ ಮಾತ್ರ ಬೀಡಿ ಆರಿಸಿ ಹೇಳಿದ:
ಗೋಣಿಯಲ್ಲಿ ಕಟ್ಟು, ಕಾಳಿ ಹೊಳೆಯಾಚೆ ಬಿಟ್ಟು ಬಾ.
ಯಾರ ಮಾತೂ ಕೇಳಲಿಲ್ಲ ಎಂದರೆ ಸುಳ್ಳು,
ಒಂದು ಸಂಜೆ ಆಯಿಲ್ ಡಬ್ಬಿ ಎತ್ತಿಕೊಂಡೆ.
ನೆಕ್ಕಿಕೊಂಡರೆ? ಅಂದಳು ಮಗಳು ಪ್ರಣಾಲಿ.
ಡಬ್ಬಿ ಇಟ್ಟೆ.
ಆಗ ನೋಡಿದೆ, ಅವಳ ಮುಂಗೈ ಮೇಲೆ
ಬಳೆಯೊಂದು ಅಂಟಿಕೊಂಡು ಉಳಿದಂತೆ
ಕೆಂಪು ಉಂಗುರ.

ದನದಾಸ್ಪತ್ರೆಯಲ್ಲಿ ನಮ್ಮ ಮುಂದೆ ಒಂದು ಎಮ್ಮೆ,
ಬುಟ್ಟಿಯಲ್ಲಿ ಕೋಳಿ ಹಿಡಿದ ಅಜ್ಜಿ.
ಡಾಕ್ಟರ್ ನಿಲೋಫರ್ ಕಿಟಕಿ ಮುಚ್ಚಿ ಲೈಟು ಆರಿಸಿ
ಒಂದು ನೇರಳೆ ದೀಪ ಹಿಡಿದರು.
ಶೆಟ್ಲಿಯ ಕಿವಿಯ ಮೇಲೆ
ಕೂದಲು ಕೂದಲೂ ಹಸಿರಾಗಿ ಹೊತ್ತಿಕೊಂಡಿತು.
ಅಮಾವಾಸ್ಯೆಯಲ್ಲಿ ಹುಟ್ಟು ಹಾಕಿದಾಗ
ನೀರು ಉರಿಯುತ್ತದಲ್ಲ, ಹಾಗೆ.
ಆ ಬೆಂಕಿ ಎಷ್ಟು ಸಲ ನೋಡಿಲ್ಲ ನಾನು!
ನಾಯಿಯ ಮೈಮೇಲೆ ಇದೇ ಮೊದಲು.

"ಎಲ್ಲ ಬೂಷ್ಟೂ ಹೀಗೆ ಹೊಳೆಯುವುದಿಲ್ಲ" ಎಂದರು
ಪರೀಕ್ಷೆಗೆಂದು ಕೂದಲು ಕಿತ್ತು ಲಕೋಟೆಗೆ ಹಾಕುತ್ತ.
"ಹುಳುಕಡ್ಡಿ ಅಂತಾರೆ. ಹುಳುವೂ ಇಲ್ಲ, ಕಡ್ಡಿಯೂ ಇಲ್ಲ.
ಗಜಕರ್ಣ ಅಂತಲೂ ಅಂತಾರೆ."
ನಾಯಿ ಕಿವಿಗೆ ಆನೆ ಕಿವಿ! ನಕ್ಕಳು ಪ್ರಣಾಲಿ.
"ಒದ್ದೆ ಹಗ್ಗಕ್ಕೆ ಹಿಡಿಯುತ್ತದಲ್ಲ, ಆ ಕುಲದ್ದೇ ಇದು."
ಆಮೇಲೆ ನನ್ನ ಕಡೆ ತಿರುಗಿ: "ನಿಮಗೆಲ್ಲಾದರೂ?"
ಇಲ್ಲ, ಎಂದೆ. ಕೈ ಆಗಲೇ ಸೊಂಟದ ಪಟ್ಟಿಯ ಮೇಲಿತ್ತು.

ಅಂಗಡಿಯಲ್ಲಿ ಕೇಳಿ ತಂದ ಟ್ಯೂಬು, ಎರಡು ವರ್ಷ.
ಹಚ್ಚಿದರೆ ಮಾಯ, ಬಿಟ್ಟರೆ ಅಗಲ.
"ಕೆಲವು ಟ್ಯೂಬು ಕೆಂಪನ್ನಷ್ಟೇ ಅಳಿಸುತ್ತವೆ,
ಬೂಷ್ಟಿಗೆ ಅವು ಕಂಬಳಿ" ಎಂದರು,
ನನಗಲ್ಲ, ಗೋಡೆಗೆ ಹೇಳುವಂತೆ.

ವಾರಕ್ಕೆರಡು ಸಲ ಔಷಧಿ ಶಾಂಪೂ.
ನೊರೆ ಹತ್ತು ನಿಮಿಷ ಮೈಮೇಲೇ ಇರಬೇಕು.
ನನ್ನಲ್ಲಿ ವಾಚಿಲ್ಲ; ಬಲೆಯ ಗಂಟು ಎಣಿಸಿದೆ,
ಅರವತ್ತು ಗಂಟಿಗೆ ಒಂದು ಸ್ನಾನ.
ಗುಳಿಗೆ ಬಾಂಗಡೆಯ ಹೊಟ್ಟೆಯಲ್ಲಿ;
ಮೀನು ತಿಂದು ಗುಳಿಗೆಯನ್ನು ಚೊಕ್ಕವಾಗಿ
ನೆಲಕ್ಕಿಟ್ಟಳು, ಮೊದಲ ಮೂರು ದಿನ.
ಮಲಗುವ ಗೋಣಿ ಸುಟ್ಟೆವು,
ಆ ಮಳೆಯಲ್ಲಿ ಅದು ಉರಿಯಲೂ ಒಪ್ಪಲಿಲ್ಲ.
ನೆಲಕ್ಕೆ ಬ್ಲೀಚಿಂಗ್ ನೀರು. ಬಿದ್ದ ಕೂದಲಲ್ಲಿ
ವರ್ಷ ಕಳೆದರೂ ಬದುಕಿರುತ್ತದಂತೆ.
ಕೈಗೆ ಮುಲಾಮು ಹಚ್ಚಿಕೊಂಡ ಪ್ರಣಾಲಿ
ಮುಟ್ಟದೆ, ಮಾರು ದೂರ ಕೂತು,
ಅವಳಿಗೆ ಹದಿಮೂರರ ಮಗ್ಗಿ ಕಲಿಸಿದಳು.

ಮೂರನೇ ವಾರ ಕಿವಿಯಲ್ಲಿ ಹೊಸ ಕೂದಲು.
ಸಾಕಲ್ಲ, ಎಂದೆ. ದುಡಿಮೆಯಿಲ್ಲದ ತಿಂಗಳು, ಗುಳಿಗೆಯ ದುಡ್ಡು.
"ಪರೀಕ್ಷೆ ಎರಡು ಸಲ ಚೊಕ್ಕ ಬರಲಿ."
ಸಮುದ್ರಕ್ಕೆ ಸರಕಾರ ಅರವತ್ತೊಂದು ದಿನ ಕೊಟ್ಟಿದೆ;
ನಾಯಿಗೆ ಕೊಡಲಿಕ್ಕೆ ನನಗೇನು.
ಅದೇ ಸೋಮವಾರ ಜಿಲ್ಲಾಸ್ಪತ್ರೆಯ ಚರ್ಮದ ಡಾಕ್ಟರ ಸಾಲಲ್ಲಿ
ನಾನೂ ನಿಂತೆ, ಸೊಂಟ ಹಿಡಿದುಕೊಂಡು.

ಆಗಸ್ಟಿನ ಮೊದಲ ರಾತ್ರಿ, ಕೂರ್ಮಗಡದಾಚೆ,
ಬಲೆ ಇಳಿದಲ್ಲೆಲ್ಲ ನೀರು ಹಸಿರಾಗಿ ಉರಿಯಿತು.
ಪುರಸು ಬಗ್ಗಿ ಕೈ ಅದ್ದಲು ಹೋದ.
ಮುಟ್ಟಬೇಡ, ಎಂದೆ,
ನೊರೆ ಹತ್ತು ನಿಮಿಷ ಹಾಗೇ ಇರಲಿ.
ಏನೆಂದ ಇವನು ಎಂಬಂತೆ ನೋಡಿದ.